ನಿಲ್ಲಬೇಕಾದಲ್ಲಿ ನಿಲ್ಲದಿದ್ದರೆ



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಅವನಿಗೆ ತಂತ್ರಾಂಶದ ಉದ್ಯೋಗ. ವಿಮೆಯ ಕಂತನ್ನು ನಿರ್ಧರಿಸುವ ನಿಯಮಗಳನ್ನು ಗಣಕಯಂತ್ರಕ್ಕೆ ಅಳವಡಿಸುವ ಕೆಲಸ. ಮುಖ ಬಾಡಿತ್ತು. ಕಾರಣ ಕೇಳಿದೆ. "ಸಾರ್, ಹಿರಿಯರಿಗೆ ರಿಯಾಯಿತಿ ಕೊಡುವ ನಿಯಮಕ್ಕೆ ಬ್ರೇಕ್‌ಪಾಯಿಂಟ್ ಇಟ್ಟು ಮೂರು ದಿನವಾಯಿತು. ಪ್ರೋಗ್ರಾಂ ಅಲ್ಲಿ ನಿಲ್ಲುವುದೇ ಇಲ್ಲ" ಎಂದ. ಓಡುತ್ತಿರುವ ಪ್ರೋಗ್ರಾಮನ್ನು ನಾವು ಗುರುತಿಟ್ಟ ಜಾಗದಲ್ಲಿ ತಡೆದು, ಆ ಕ್ಷಣದ ಲೆಕ್ಕವನ್ನು ಪರೀಕ್ಷಿಸುವ ಉಪಾಯಕ್ಕೆ ಆ ಹೆಸರೆಂದು ಅವನೇ ವಿವರಿಸಿದ. ಆ ಪದದ ಹುಟ್ಟನ್ನು ಅರಸಿ ಹೊರಟ ನನಗೆ ದೊರೆತ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಿರ್ಮಾಣಗೊಂಡ ಎನಿಯಾಕ್ ಎಂಬ ಗಣಕವು 1946ರ ಫೆಬ್ರವರಿಯಲ್ಲಿ ಲೋಕಕ್ಕೆ ಪ್ರಕಟವಾಯಿತು. ಸುಮಾರು 18,000 ನಿರ್ವಾತ ನಳಿಕೆಗಳ, 30 ಟನ್ ತೂಕದ ಯಂತ್ರವದು. ಅದಕ್ಕೆ ಲೆಕ್ಕ ಕಲಿಸಿದವರು ಆರು ಮಂದಿ ತರುಣಿಯರು. ಅವರಲ್ಲೊಬ್ಬರು ಬೆಟ್ಟಿ ಸ್ನೈಡರ್, ವಿವಾಹಾನಂತರ ಬೆಟ್ಟಿ ಹೋಲ್ಬರ್ಟನ್. ಬ್ರೇಕ್‌ಪಾಯಿಂಟ್ ಅವರ ಕಾಣಿಕೆಯೆಂದು ಚರಿತ್ರೆ ಹೇಳುತ್ತದೆ. ಆಗ ಪ್ರೋಗ್ರಾಂ ಎಂದರೆ ಯಂತ್ರದ ಒಂದು ಭಾಗದಿಂದ ಇನ್ನೊಂದಕ್ಕೆ ಜೋಡಿಸಿದ ತಂತಿಗಳು. ಬೇಕಾದಲ್ಲಿ ಒಂದು ತಂತಿಯನ್ನು ಕಿತ್ತರೆ ಲೆಕ್ಕ ಅಲ್ಲಿಗೆ ನಿಲ್ಲುತ್ತಿತ್ತು. ಹಾಗೆ ಕಡಿದ ಜಾಗವೇ ಬ್ರೇಕ್‌ಪಾಯಿಂಟ್. ಮುಂದೆ ಆದೇಶಗಳೆಲ್ಲ ಯಂತ್ರದ ಸ್ಮೃತಿಯನ್ನೇ ಸೇರಿದವು. ತಂತಿ ಕೀಳುವ ಬದಲು, ಆಯ್ದ ಜಾಗದಲ್ಲಿ 'ನಿಲ್ಲು' ಎಂಬ ಆದೇಶವನ್ನು ಇರಿಸುವ ಪದ್ಧತಿ ಬಂತು.

ಈ ಎರಡು ಉಪಾಯಗಳಿಗೂ ಒಂದು ನಂಬಿಕೆಯೇ ಆಧಾರ: ಲೆಕ್ಕಕ್ಕೊಂದು ದಾರಿಯಿದೆ, ಅದು ಆ ದಾರಿಯಲ್ಲೇ ಸಾಗುತ್ತದೆ. ನಿಯಮಗಳ ತಂತ್ರಾಂಶವು ಈ ನಂಬಿಕೆಯನ್ನೇ ಅಲುಗಿಸಿತು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಫೋರ್ಗಿ ಅವರು ರೀಟೆ ಎಂಬ ವಿಧಾನವನ್ನು ರೂಪಿಸಿದರು. ರೀಟೆ ಎಂದರೆ ಲ್ಯಾಟಿನ್ನಿನಲ್ಲಿ ಬಲೆ. 1979ರಲ್ಲಿ ಅದು ಅವರ ಡಾಕ್ಟರೇಟ್ ಪ್ರಬಂಧವಾಯಿತು. ಅಲ್ಲಿಯ ಜಾನ್ ಮೆಕ್‌ಡರ್ಮಟ್ ಅವರು ಗ್ರಾಹಕರ ಬೇಡಿಕೆಗೆ ಸರಿಯಾಗಿ ಗಣಕದ ಬಿಡಿಭಾಗಗಳನ್ನು ಹೊಂದಿಸುವ ನಿಯಮವ್ಯವಸ್ಥೆಯೊಂದನ್ನು ರಚಿಸಿದರು. ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯು 1980ರ ವೇಳೆಗೆ ಅದನ್ನು ಬಳಕೆಗೆ ತಂದಿತು. ವಾಣಿಜ್ಯದಲ್ಲಿ ಇಂಥ ವ್ಯವಸ್ಥೆಗಳ ಮೊದಲ ದೊಡ್ಡ ಯಶಸ್ಸುಗಳಲ್ಲಿ ಅದೂ ಒಂದು.

ಇಲ್ಲಿ ಪ್ರತಿ ನಿಯಮಕ್ಕೂ ಎರಡು ಅಂಗಗಳು. 'ವಯಸ್ಸು ಅರವತ್ತು ದಾಟಿದ್ದರೆ' ಎಂಬುದು ಷರತ್ತು. 'ರಿಯಾಯಿತಿ ಕೊಡು' ಎಂಬುದು ಕ್ರಿಯೆ. ಷರತ್ತುಗಳು ಸಣ್ಣ ಸಣ್ಣ ಪರೀಕ್ಷೆಗಳಾಗಿ ಒಡೆದು ಬಲೆಯಲ್ಲಿ ಹೆಣೆದುಕೊಳ್ಳುತ್ತವೆ. ಒಂದೇ ಪರೀಕ್ಷೆಯನ್ನು ಹಲವು ನಿಯಮಗಳು ಹಂಚಿಕೊಳ್ಳಲೂಬಹುದು. ಬರೆದ ಕ್ರಮದಲ್ಲೇ ಅವು ನಡೆಯುವುದಿಲ್ಲ. ಷರತ್ತುಗಳೆಲ್ಲ ಕೂಡಿಬಂದ ನಿಯಮಗಳಲ್ಲಿ ಒಂದನ್ನು ಯಂತ್ರವು ಆಯ್ದುಕೊಂಡು ಅದರ ಕ್ರಿಯೆಯನ್ನು ನಡೆಸುತ್ತದೆ. ಆದ್ದರಿಂದಲೇ ಇಂಥ ಎಷ್ಟೋ ಉಪಕರಣಗಳಲ್ಲಿ ಕ್ರಿಯೆಯ ಸಾಲಿನಲ್ಲಿ ಮಾತ್ರ ಬ್ರೇಕ್‌ಪಾಯಿಂಟ್ ಇಡಲು ಸಾಧ್ಯ. ಷರತ್ತು ಈಡೇರದಿದ್ದರೆ ಕ್ರಿಯೆ ನಡೆಯದು. ಕ್ರಿಯೆ ನಡೆಯದಿದ್ದರೆ ನಿಲುಗಡೆಯೂ ಇಲ್ಲ. ನಿಯಮವನ್ನು ತಿದ್ದಿದ ಮೇಲೂ ಯಂತ್ರ ಹಳೆಯ ಪ್ರತಿಯನ್ನೇ ಓಡಿಸುತ್ತಿರಬಹುದು, ಅಥವಾ ಡೀಬಗ್ ರೀತಿಯಲ್ಲಿ ಅದನ್ನು ಆರಂಭಿಸದೇ ಇರಬಹುದು. ಆ ಎರಡನ್ನೂ ನನ್ನ ವಿದ್ಯಾರ್ಥಿ ಮೊದಲೇ ನೋಡಿಕೊಂಡಿದ್ದ.

ಫೋರ್ಗಿಯವರ ಓಪಿಎಸ್5 ಭಾಷೆಯಲ್ಲೇ ಇದಕ್ಕೆ ಪರಿಹಾರವಿತ್ತೆಂಬುದು ನನಗೆ ಸೋಜಿಗವೆನಿಸಿತು. 'ಪಿಬ್ರೇಕ್' ಎಂಬ ಆದೇಶ ಆಯ್ದ ನಿಯಮದ ಬಳಿ ಓಟವನ್ನು ನಿಲ್ಲಿಸುತ್ತಿತ್ತು. ಜೊತೆಗೆ 'ಮ್ಯಾಚಸ್' ಎಂಬ ಇನ್ನೊಂದು ಆದೇಶವಿತ್ತು. ನಿಯಮದ ಷರತ್ತುಗಳಲ್ಲಿ ಯಾವುವು ಎಲ್ಲಿಯವರೆಗೆ ಕೂಡಿಬಂದಿವೆ ಎಂಬುದನ್ನು ಅದು ತೋರಿಸುತ್ತಿತ್ತು. ಮೊದಲನೆಯದು ನಡೆದದ್ದನ್ನು ವಿಚಾರಿಸುತ್ತದೆ. ಎರಡನೆಯದು ನಡೆಯದೇ ಹೋದದ್ದನ್ನು.

ಓದಿದ್ದನ್ನು ಅವನಿಗೆ ದೂರವಾಣಿಯಲ್ಲಿ ತಿಳಿಸಿದೆ. ಎರಡು ದಿನಗಳ ಬಳಿಕ ಅವನೇ ಕರೆಮಾಡಿದ. "ಸಾರ್, ನಿಯಮ ಸರಿಯಾಗಿಯೇ ಇತ್ತು. ಒಂದು ಅರ್ಜಿಯಿಂದ ಬರುವ ಜನ್ಮದಿನಾಂಕ ಖಾಲಿಯಾಗಿ ಬರುತ್ತಿತ್ತು. ವಯಸ್ಸೇ ಗೊತ್ತಿಲ್ಲದ ಮೇಲೆ ಅರವತ್ತು ದಾಟಿದೆಯೆಂದು ತಿಳಿಯುವುದು ಹೇಗೆ? ಅಷ್ಟು ಮಂದಿ ವೃದ್ಧರಿಗೆ ರಿಯಾಯಿತಿ ತಪ್ಪಿತ್ತು" ಎಂದ.

ಫೋನಿಟ್ಟ ಮೇಲೆ ನನಗೆ ಬೆಟ್ಟಿಯವರ ಬದುಕಿನ ಇನ್ನೊಂದು ಸಂಗತಿ ನೆನಪಾಯಿತು. ಕಾಲೇಜಿನ ಮೊದಲ ದಿನವೇ ಗಣಿತದ ಪ್ರಾಧ್ಯಾಪಕರು, ಮನೆಯಲ್ಲಿದ್ದು ಮಕ್ಕಳನ್ನು ಸಾಕುವುದೇ ಮೇಲಲ್ಲವೇ ಎಂದು ಅವರನ್ನು ಕೇಳಿದ್ದರಂತೆ. ಅವರು ಗಣಿತವನ್ನು ಬಿಟ್ಟು ಪತ್ರಿಕೋದ್ಯಮ ಓದಿದರು. ಯುದ್ಧಕಾಲದ ಲೆಕ್ಕದ ಕೆಲಸವೇ ಅವರನ್ನು ಮತ್ತೆ ಗಣಿತಕ್ಕೆ ಕರೆತಂದದ್ದು.

ಆ ಪ್ರಾಧ್ಯಾಪಕರನ್ನು ಹಳಿಯುವ ಮುನ್ನ ನನ್ನ ತರಗತಿಯತ್ತ ತಿರುಗಿ ನೋಡಿದೆ. ತಪ್ಪು ಉತ್ತರ ಬರೆದವರ ಲೆಕ್ಕವನ್ನು ಹಂತಹಂತವಾಗಿ ನೋಡಿ ತಿದ್ದಿದ್ದೇನೆ. ಅದರಲ್ಲಿ ಸೋಮಾರಿತನ ಮಾಡಿದವನಲ್ಲ. ಆದರೆ ಉತ್ತರವನ್ನೇ ಬರೆಯದೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿದ್ದ ಹುಡುಗಿಯೊಬ್ಬಳನ್ನು ಮಂದಬುದ್ಧಿಯವಳೆಂದು ಬಿಟ್ಟುಬಿಟ್ಟೆ. ಅವಳಿಗೆ ಕರಿಹಲಗೆಯ ಅಕ್ಷರ ಕಾಣುತ್ತಿರಲಿಲ್ಲವೆಂದು ತಿಳಿದದ್ದು ಅವಳು ಶಾಲೆ ಬಿಟ್ಟು ಹೋದ ಮೇಲೆ.

ಅವಳು ಇದನ್ನು ಓದುವ ಸಂಭವ ಕಡಿಮೆ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ, ಅದಕ್ಕಾಗಿ ಬರೆದೆ.