ರೈಲುತುದಿ ಉಪಕರಣಗಳ ವಿದ್ಯುತ್ ಪೂರೈಕೆ

ಗೂಡ್ಸ್ ರೈಲಿನ ಕಟ್ಟಕಡೆಯ ವ್ಯಾಗನ್ನಿಗೆ ತಗುಲಿಸಿ, ಅಲ್ಲಿ ಬ್ರೇಕ್ ಪೈಪಿನ ಒತ್ತಡ ಎಷ್ಟಿದೆ ಎಂಬುದನ್ನು ರೇಡಿಯೊ ಮೂಲಕ ಎಂಜಿನ್ನಿಗೆ ತಿಳಿಸುವ ಪೆಟ್ಟಿಗೆಗೆ ರೈಲುತುದಿ ಉಪಕರಣ ಎನ್ನುತ್ತಾರೆ. ಸಾಮಾನ್ಯ ವ್ಯಾಗನ್ನುಗಳಲ್ಲಿ ವಿದ್ಯುತ್ ತಂತಿ ಇರುವುದಿಲ್ಲ. ಎಂಜಿನ್ನಿನಿಂದ ಬಾಲದವರೆಗೆ ತಲುಪುವುದು ಒತ್ತಿ ತುಂಬಿದ ಗಾಳಿ ಮಾತ್ರ. ಆ ಗಾಳಿಯಿಂದಲೇ ವಿದ್ಯುತ್ ತೆಗೆದು ಬ್ಯಾಟರಿ ತುಂಬಿಸಿಕೊಳ್ಳುವ ಕ್ರಮ ಉತ್ತರ ಅಮೆರಿಕದಲ್ಲಿ ಬಳಕೆಗೆ ಬಂತು.

ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದ. 1872ರಲ್ಲಿ ಅದನ್ನು ಸ್ವಯಂಚಾಲಿತವಾಗಿಸಿದ. ಸ್ವಯಂಚಾಲಿತ ಬ್ರೇಕಿನಲ್ಲಿ ಪೈಪಿನ ಒತ್ತಡ ಇಳಿದರೆ ಬ್ರೇಕ್ ಹಿಡಿಯುತ್ತದೆ, ಏರಿದರೆ ಬಿಡುತ್ತದೆ. ಹೀಗಾಗಿ ಬಾಲದ ತುದಿಯಲ್ಲಿ ಒತ್ತಡ ಎಷ್ಟಿದೆ ಎಂದು ಯಾರಾದರೂ ನೋಡುತ್ತಿರಲೇಬೇಕು. ಬಹುಕಾಲ ಆ ಕೆಲಸ ಕಬೂಸಿನ ಸಿಬ್ಬಂದಿಯದಾಗಿತ್ತು. ಕಬೂಸ್ ಎಂದರೆ ನಮ್ಮ ಗಾರ್ಡಿನ ಬ್ರೇಕ್ ವ್ಯಾನಿನ ಅಮೆರಿಕನ್ ದಾಯಾದಿ. ಅದರಲ್ಲಿ ಒತ್ತಡದ ಮಾಪಕವಿತ್ತು, ಎಳೆದರೆ ಗಾಳಿ ಹೊರಬಿಡುವ ವಾಲ್ವಿತ್ತು, ಬಿಸಿಯಾದ ಅಚ್ಚುಗಳ ಮೇಲೆ ಕಣ್ಣಿಡಲು ಕಿಟಕಿಯಿತ್ತು.

1963ರ ಮುಷ್ಕರದ ನಂತರ ಕಡಿಮೆ ಸಿಬ್ಬಂದಿಯಲ್ಲಿ ರೈಲು ಓಡಿಸುತ್ತಿದ್ದ ಫ್ಲೋರಿಡಾ ಈಸ್ಟ್ ಕೋಸ್ಟ್ ರೈಲ್ವೆ 1969ರಲ್ಲಿ ಕಬೂಸಿನ ಬದಲು ರೈಲುತುದಿ ಉಪಕರಣ ಬಳಸಿತು. ಈ ದಾರಿ ಹಿಡಿದ ಮೊದಲ ಕಂಪನಿ ಅದು ಎಂದು ಹೇಳುವುದುಂಟು. ಆರಂಭದ ಉಪಕರಣಗಳು ಮಿನುಗುವ ಕೆಂಪು ದೀಪಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಒತ್ತಡ ಅಳೆದು ರೇಡಿಯೊದಲ್ಲಿ ಕಳುಹಿಸುವ ಮಾದರಿಗಳು ಬಂದ ಮೇಲೆ, 1980ರ ದಶಕದಲ್ಲಿ ಕಬೂಸುಗಳು ಸಾಲಾಗಿ ಗುಜರಿ ಸೇರಿದವು. ಕಾರ್ಮಿಕ ಸಂಘಟನೆಗಳ ವಿರೋಧ ಜೋರಾಗಿತ್ತು, ಅದು ನಿರಾಧಾರವೂ ಆಗಿರಲಿಲ್ಲ.

ಆಗಿನ ಪೆಟ್ಟಿಗೆಗಳು ಓಡುತ್ತಿದ್ದುದು ಪೂರ್ತಿ ರೀಚಾರ್ಜ್ ಬ್ಯಾಟರಿಯ ಮೇಲೆ, ಹೆಚ್ಚಾಗಿ ಸೀಸ-ಆಮ್ಲದ ಮೊಹರು ಮಾಡಿದ ಬ್ಯಾಟರಿ. ರೈಲು ಯಾರ್ಡಿಗೆ ಬಂದಾಗ ಪೆಟ್ಟಿಗೆಯನ್ನು ಕಪ್ಲರಿನಿಂದ ಬಿಚ್ಚಿ, ಹೊತ್ತುಕೊಂಡು ಹೋಗಿ, ಚಾರ್ಜಿಗೆ ಹಾಕಿ, ಮತ್ತೆ ತರಬೇಕು. ಕೊರೆಯುವ ಚಳಿಯಲ್ಲಿ ಸೀಸ-ಆಮ್ಲ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ದೀಪವೊಂದೇ ಆರುವುದಾಗಿದ್ದರೆ ಅದು ಯಾರ್ಡಿನವರ ತಲೆನೋವಾಗಿ ಉಳಿಯುತ್ತಿತ್ತು.

ವಿಷಯದ ತೂಕ ಬದಲಾದದ್ದು ಕ್ಯಾಲಿಫೋರ್ನಿಯಾದ ಕಾಹೋನ್ ಕಣಿವೆಯ ಇಳಿಜಾರಿನಲ್ಲಿ. 1994ರ ಡಿಸೆಂಬರಿನಲ್ಲಿ ಒಮ್ಮೆ, 1996ರ ಫೆಬ್ರವರಿ 1ರಂದು ಇನ್ನೊಮ್ಮೆ, ಅಲ್ಲಿ ಗೂಡ್ಸ್ ರೈಲುಗಳು ಹಿಡಿತ ತಪ್ಪಿ ಓಡಿದವು. ಎರಡನೆಯದರಲ್ಲಿ ಇಬ್ಬರು ಸಿಬ್ಬಂದಿ ಸತ್ತರು. ಅಪಾಯ ಇದ್ದದ್ದು ಇಲ್ಲಿ: ಬ್ರೇಕ್ ಪೈಪ್ ನಡುವೆ ಎಲ್ಲಿಯಾದರೂ ಕಟ್ಟಿಕೊಂಡರೆ ಎಂಜಿನ್ನಿನಿಂದ ಕೊಟ್ಟ ತುರ್ತು ಬ್ರೇಕ್ ಆ ಜಾಗದಾಚೆಗೆ ಹೋಗುವುದೇ ಇಲ್ಲ. ಇದಕ್ಕೆ ಪರಿಹಾರ ಎರಡೂ ಕಡೆಗೆ ಮಾತನಾಡುವ ಉಪಕರಣ: ಎಂಜಿನ್ನಿನ ಆಜ್ಞೆ ರೇಡಿಯೊದಲ್ಲಿ ಬಾಲಕ್ಕೆ ಮುಟ್ಟಿ, ಅಲ್ಲಿನ ವಾಲ್ವ್ ತೆರೆದು ಹಿಂದಿನಿಂದಲೂ ಗಾಳಿ ಹೊರಹೋಗುತ್ತದೆ. ಕೆನಡಾ ಈ ವಿಚಾರದಲ್ಲಿ ಮೊದಲೇ ಹೆಜ್ಜೆಯಿಟ್ಟಿತ್ತು. ಅಮೆರಿಕ 1997ರಲ್ಲಿ ಬಹುತೇಕ ಗೂಡ್ಸ್ ರೈಲುಗಳಿಗೆ ಅದನ್ನು ಕಡ್ಡಾಯಗೊಳಿಸಿತು. ಅಲ್ಲಿಂದ ಮುಂದೆ ಬ್ಯಾಟರಿ ಸತ್ತರೆ ಒಂದು ಬ್ರೇಕೇ ಸತ್ತಂತೆ.

ಗಾಳಿ ಟರ್ಬೈನಿನ ಉಪಕರಣಗಳ ಬಳಕೆ ಹರಡಿದ್ದು ಈ ಹಿನ್ನೆಲೆಯಲ್ಲಿ. ಕೊನೆಯ ವ್ಯಾಗನ್ನಿನ ಗಾಳಿ ಹೋಸನ್ನು ಪೆಟ್ಟಿಗೆಗೆ ಸೇರಿಸಿ ಕಾಕ್ ತಿರುಗಿಸಿದರೆ, ಸಣ್ಣ ರಂಧ್ರವೊಂದರ ಮೂಲಕ ಗಾಳಿ ನುಗ್ಗಿ ಪುಟ್ಟ ಟರ್ಬೈನನ್ನು ಗಿರ್ರನೆ ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಜನರೇಟರು ಬ್ಯಾಟರಿಗೆ ವಿದ್ಯುತ್ ಊಡುತ್ತದೆ. ಪಕ್ಕದಲ್ಲಿ ನಿಂತವರಿಗೆ ಆ ಸದ್ದು ಕೇಳಿಸುತ್ತದೆ. ಕಷ್ಟವಿರುವುದು ರಂಧ್ರದ ಅಳತೆಯಲ್ಲಿ. ಅಮೆರಿಕದ ಗೂಡ್ಸ್ ರೈಲಿನ ಪೈಪಿನಲ್ಲಿ ಸಾಮಾನ್ಯವಾಗಿ ಚದರಂಗುಲಕ್ಕೆ 90 ಪೌಂಡ್ ಒತ್ತಡ. ಸೋರಿಕೆಯ ಪರೀಕ್ಷೆಯಲ್ಲಿ ಅದು ನಿಮಿಷಕ್ಕೆ 5 ಪೌಂಡಿಗಿಂತ ಹೆಚ್ಚು ಇಳಿಯಕೂಡದು. ಟರ್ಬೈನ್ ಕುಡಿಯುವ ಗಾಳಿಯೂ ಒಂದು ಬಗೆಯ ಸೋರಿಕೆಯೇ, ಬೇಕೆಂದೇ ಮಾಡಿದ ಸೋರಿಕೆ. ಅದು ಹೆಚ್ಚಾದರೆ ಬ್ರೇಕಿಗೇ ಕುತ್ತು, ಕಡಿಮೆಯಾದರೆ ರೇಡಿಯೊಗೆ ಸಾಲದು. ಗಾಳಿಯಲ್ಲಿರುವ ತೇವ ಚಳಿಗೆ ಹೆಪ್ಪುಗಟ್ಟುವ ಕಾಟ ಬೇರೆ.

ಹಾಗಿದ್ದರೂ ಬ್ಯಾಟರಿ ತೆಗೆದುಹಾಕುವಂತಿಲ್ಲ. ತುರ್ತು ಬ್ರೇಕ್ ಹಾಕಿದ ಕ್ಷಣ ಪೈಪಿನ ಗಾಳಿ ಖಾಲಿಯಾಗಿ ಟರ್ಬೈನ್ ನಿಲ್ಲುತ್ತದೆ. ಬಾಲದ ಸ್ಥಿತಿ ಎಂಜಿನ್ನಿಗೆ ತಿಳಿಯಲೇಬೇಕಾದ ಹೊತ್ತೂ ಅದೇ. ಎಂಜಿನ್ ಕಳಚಿ ನಿಂತ ರೈಲಿನ ಕಥೆಯೂ ಅಷ್ಟೇ. 2020ರ ಡಿಸೆಂಬರಿನಲ್ಲಿ ತಿದ್ದಿದ ಅಮೆರಿಕದ ನಿಯಮ, ಗಾಳಿ ಜನರೇಟರು ಕೈಕೊಟ್ಟರೆ ಕನಿಷ್ಠ 12 ಗಂಟೆ ನಡೆಸುವ ಬ್ಯಾಟರಿ ಇರಬೇಕೆಂದು ಹೇಳುತ್ತದೆ.

ಭಾರತದಲ್ಲಿ ಕೊನೆಯ ವಾಹನದ ಗುರುತು ಬಹುಕಾಲ ‘ಎಲ್‌ವಿ’ ಹಲಗೆ ಮತ್ತು ಬಾಲದೀಪ. ಬ್ರೇಕ್ ವ್ಯಾನ್ ಇಲ್ಲದೆ ಗೂಡ್ಸ್ ಓಡಿಸಲು ಇಂಥದೇ ಉಪಕರಣಗಳನ್ನು ತರಿಸುವ ಯತ್ನ ರೈಲ್ವೆಯಲ್ಲಿ ನಡೆದಿದೆ. ಇಲ್ಲಿನ ಬ್ರೇಕ್ ಪೈಪಿನ ಒತ್ತಡ ಚದರ ಸೆಂಟಿಮೀಟರಿಗೆ 5 ಕಿಲೊಗ್ರಾಂ. ಅಮೆರಿಕದ್ದು ಅದೇ ಅಳತೆಯಲ್ಲಿ 6.3ರ ಆಸುಪಾಸು. ಅಲ್ಲಿಗೆ ಕೊರೆದ ರಂಧ್ರದ ಲೆಕ್ಕ ಇಲ್ಲಿಗೆ ಬರುವಾಗ ಹೊಸದಾಗಿ ಹಾಕಬೇಕಾಗುತ್ತದೆ.