ಹೆಸರುಗಳಷ್ಟೇ ಉಳಿದ ಗ್ರಂಥಭಂಡಾರ

ಪಟ್ಟಿ ಎಂದೊಡನೆ ಅದು ನೀರಸವೆಂಬ ಭಾವನೆ ನಮ್ಮಲ್ಲಿ ಮೂಡುತ್ತದೆ. ಆದರೆ ಸಾವಿರ ವರ್ಷ ಕಳೆದರೂ ವಿದ್ವಾಂಸರು ಆಸಕ್ತಿಯಿಂದ ಓದುತ್ತಿರುವ ಒಂದು ಪಟ್ಟಿ ಇಸ್ಲಾಮೀ ಇತಿಹಾಸದಲ್ಲಿದೆ. ಅದೇ ಇಬ್ನ್ ನದೀಮ್ ಅವರ ‘ಅಲ್ ಫಿಹ್ರಿಸ್ತ್’.

ಇಬ್ನ್ ನದೀಮ್ ಬಗ್ದಾದಿನ ‘ವರ್ರಾಕ್’; ಅಂದರೆ ಗ್ರಂಥಗಳನ್ನು ಪ್ರತಿ ಮಾಡಿ ಮಾರುವ ವೃತ್ತಿಯವರು. ಹಿಜರಿ 377ರಲ್ಲಿ (ಕ್ರಿ.ಶ. 987-88) ಅವರು ಅರಬೀ ಭಾಷೆಯಲ್ಲಿ ತಮಗೆ ತಿಳಿದಿದ್ದ ಗ್ರಂಥಗಳನ್ನೂ ಗ್ರಂಥಕರ್ತರನ್ನೂ ಹತ್ತು ಭಾಗಗಳಲ್ಲಿ ದಾಖಲಿಸಿದರು. ಕುರ್‌ಆನ್ ಕುರಿತ ಕೃತಿಗಳು, ವ್ಯಾಕರಣ, ಕಾವ್ಯ, ಫಿಕ್ಹ್, ಹದೀಸ್, ತತ್ವಶಾಸ್ತ್ರ, ವೈದ್ಯ, ಕಥೆಗಳು ಎಲ್ಲವೂ ಅದರಲ್ಲಿವೆ. ಭಾರತದಿಂದ ಹೋಗಿ ಅರಬೀಗೆ ಅನುವಾದಗೊಂಡ ಸುಶ್ರುತನ ವೈದ್ಯಗ್ರಂಥವೂ ಇದೆ. ಹಲವು ಕವಿಗಳ ಕಾವ್ಯ ಎಷ್ಟು ಹಾಳೆಗಳಷ್ಟಿದೆ ಎಂಬುದನ್ನೂ, ಪುಟಕ್ಕೆ 20 ಸಾಲಿನ ಅಳತೆಯಲ್ಲಿ, ಅವರು ಬರೆದಿಟ್ಟರು.

ಹಿಜರಿ 656ರಲ್ಲಿ (ಕ್ರಿ.ಶ. 1258) ಮಂಗೋಲರು ಬಗ್ದಾದನ್ನು ಧ್ವಂಸಗೊಳಿಸಿದರು. ಯುದ್ಧ, ಬೆಂಕಿ, ಗೆದ್ದಲು, ಮರೆವುಗಳಿಂದ ಶತಮಾನಗಳುದ್ದಕ್ಕೂ ಅಸಂಖ್ಯ ಗ್ರಂಥಗಳು ನಾಶವಾದವು. ತತ್ವಜ್ಞಾನಿ ಅಲ್ ಕಿಂದಿಯವರ ಇನ್ನೂರಕ್ಕೂ ಹೆಚ್ಚು ಕೃತಿಗಳನ್ನು ಫಿಹ್ರಿಸ್ತ್ ಹೆಸರಿಸುತ್ತದೆ. ಅವುಗಳಲ್ಲಿ ಹೆಚ್ಚಿನವು ಇಂದು ಲಭ್ಯವಿಲ್ಲ. ಪಟ್ಟಿಯ ಆಕರ್ಷಣೆ ಇರುವುದು ಇಲ್ಲಿಯೇ. ಒಂದು ಶೀರ್ಷಿಕೆಯನ್ನು ಓದಿದಾಗ ಆ ಗ್ರಂಥದಲ್ಲಿ ಏನಿದ್ದಿರಬಹುದೆಂದು ಮನಸ್ಸು ಹುಡುಕತೊಡಗುತ್ತದೆ.

ಕನ್ನಡಿಗರಿಗೂ ಈ ಅನುಭವ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತನಗಿಂತ ಹಿಂದಿನ ದುರ್ವಿನೀತ, ನಾಗಾರ್ಜುನ, ಜಯಬಂಧು ಮೊದಲಾದವರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಆದರೂ ಆ ಕೆಲವು ಹೆಸರುಗಳಿಂದಲೇ ಕನ್ನಡ ಸಾಹಿತ್ಯ ಅದಕ್ಕೂ ಮೊದಲೇ ಬೆಳೆದಿತ್ತೆಂದು ನಾವು ಅರಿಯುತ್ತೇವೆ.

ಹದೀಸ್ ಕಲಿಯುವ ಮಕ್ಕಳಿಗೆ ಸನದಿನ ಹೆಸರುಗಳು ಬೇಸರ ತರಿಸುವುದುಂಟು. ಆದರೆ ಇಂಥವರಿಂದ ಇಂಥವರು ಕೇಳಿದರು ಎಂಬ ಆ ಸಾಲನ್ನು ಕಾಪಾಡಿಕೊಂಡದ್ದರಿಂದಲೇ ವರದಿಯೊಂದರ ಸತ್ಯಾಸತ್ಯತೆಯನ್ನು ಪರಿಶೀಲಿಸಲು ಮುಹದ್ದಿಸರಿಗೆ ಸಾಧ್ಯವಾಯಿತು.

ನಮ್ಮ ಮಸೀದಿಗಳ ಕಪಾಟುಗಳಲ್ಲಿ, ಅಜ್ಜಂದಿರ ಪೆಟ್ಟಿಗೆಗಳಲ್ಲಿ ಅರಬೀ, ಉರ್ದು, ಕನ್ನಡದ ಹಳೆಯ ಕಿತಾಬುಗಳು ಇಂದಿಗೂ ಇವೆ. ಪ್ರತಿ ಮಳೆಗಾಲವೂ ಅವುಗಳಲ್ಲಿ ಕೆಲವನ್ನು ಕೊಂಡೊಯ್ಯುತ್ತದೆ. ಎಲ್ಲವನ್ನೂ ಉಳಿಸಿಕೊಳ್ಳಲು ನಮ್ಮಿಂದಾಗದಿರಬಹುದು. ಆದರೆ ಗ್ರಂಥದ ಹೆಸರು, ಬರೆದವರ ಹೆಸರು, ಪುಟಗಳ ಸಂಖ್ಯೆ, ಅದು ಯಾರ ಮನೆಯಲ್ಲಿದೆ ಎಂಬಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಲು ಮದ್ರಸದ ಹಿರಿಯ ವಿದ್ಯಾರ್ಥಿಗಳೇ ಸಾಕು. ಬರುವ ಮಳೆಗಾಲಕ್ಕೆ ಮೊದಲೇ ಪ್ರತಿ ಮೊಹಲ್ಲಾದಲ್ಲಿಯೂ ಈ ಕೆಲಸ ಆರಂಭವಾಗಲಿ.