ಮಠದ ಅನ್ನ ಮತ್ತು ಪಾಪರ್ ಚೀಟಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದ ಕದಂಬರ ಸ್ತಂಭಶಾಸನದಿಂದ ಹೆಸರಾದ ಊರು. ಅದರ ನೆರೆಯ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವಿತ್ತು. ಕಲಚುರಿ ಬಿಜ್ಜಳನ ಕಾಲದ 1162ರ ಶಾಸನವೊಂದು ಈ ಮಠವನ್ನು ಬಣ್ಣಿಸುತ್ತದೆ. ವೇದ, ವ್ಯಾಕರಣಗಳ ಪಾಠದ ಜೊತೆಗೆ ಅಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ದೊರೆಯುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ಇತ್ತು.

ದತ್ತಿ ಶಾಸನಗಳ ಕೊನೆಯಲ್ಲಿ ಶಾಪದ ಮಾತು ಇರುವುದು ವಾಡಿಕೆ. ದತ್ತಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬುದು ಅಂಥ ಎಚ್ಚರಿಕೆಗಳಲ್ಲಿ ಒಂದು. ಬದುಕಿಗೆಂದು ಕೊಟ್ಟದ್ದನ್ನು ಕಸಿಯಬಾರದು ಎಂಬ ಇದೇ ವಿಚಾರ ಆಧುನಿಕ ಕಾನೂನಿನಲ್ಲೂ ಬೇರೊಂದು ದಾರಿಯಿಂದ ಬಂದು ಸೇರಿದೆ. ದೈಹಿಕ ದುರ್ಬಲತೆಯ ಕಾರಣಕ್ಕೆ ಸರ್ಕಾರ ಕೊಡುವ ಪಿಂಚಣಿಯನ್ನು ಸಾಲಕ್ಕಾಗಿ ಜಪ್ತಿ ಮಾಡಬಾರದೆಂದು ಬ್ರಿಟಿಷರ ಕಾಲದ 1871ರ ಪಿಂಚಣಿ ಕಾಯ್ದೆ ಹೇಳಿತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ನೇಗಿಲು, ಎತ್ತು, ವಾಸದ ಮನೆ ಮುಂತಾದುವನ್ನು ಜಪ್ತಿಯಿಂದ ಹೊರಗಿಟ್ಟಿತು. ಸರ್ಕಾರಿ ಪಿಂಚಣಿದಾರರಿಗೆ ಸಲ್ಲುವ ಹಣವೂ ಆ ಪಟ್ಟಿಯಲ್ಲಿದೆ.

ಇಂದು ರಾಜ್ಯದಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ ಬಡವರಿಗೆ ಮಾಸಾಶನವಿದೆ. ಅದನ್ನೇ ನಂಬಿ ಬದುಕುವವನೊಬ್ಬ ಸಾಲದಲ್ಲಿ ಮುಳುಗಿದರೆ ದಿವಾಳಿ ಅರ್ಜಿ ಹಾಕಬೇಕೆ, ಬೇಡವೆ?

ಜನ ಇದನ್ನು 'ಪಾಪರ್ ಆಗುವುದು' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಪಾಪರ್ ಎಂದರೆ ಕಡುಬಡವ. ಕೋರ್ಟಿನ ಭಾಷೆಯಲ್ಲಿ ಶುಲ್ಕ ಕಟ್ಟಲಾಗದ ದಾವೆದಾರ. ನಮ್ಮ ಆಡುಮಾತಿನಲ್ಲಿ ಅದೇ ದಿವಾಳಿ ಎಂದಾಯಿತು, ಬೈಗುಳವೂ ಆಯಿತು. ಅರ್ಜಿ ಹಾಕಲು ಜನ ಹಿಂಜರಿಯುವುದಕ್ಕೆ ಈ ಅವಮಾನವೂ ಒಂದು ಕಾರಣ.

1920ರ ಪ್ರಾಂತೀಯ ದಿವಾಳಿ ಕಾಯ್ದೆ ಹಳೆಯ ಮೈಸೂರು ಸೀಮೆಗೆ ಬಂದದ್ದು ರಾಜ್ಯ ಏಕೀಕರಣದ ನಂತರ. ಅದರಂತೆ ದಿವಾಳಿಯೆಂದು ಘೋಷಿತನಾದವನ ಆಸ್ತಿ ನ್ಯಾಯಾಲಯದ ವಶಕ್ಕೆ ಹೋಗುತ್ತದೆ. ಆದರೆ ಜಪ್ತಿ ಮಾಡಲಾಗದ ವಸ್ತುಗಳು ಅದರಲ್ಲಿ ಸೇರುವುದಿಲ್ಲ. ಬಂಧನದಿಂದ ರಕ್ಷಣೆ ಕೋರಬಹುದು. ಕೊನೆಗೆ ವಿಮೋಚನೆಯ ಆದೇಶ ದೊರೆತರೆ ಬಹುಪಾಲು ಸಾಲದಿಂದ ಬಿಡುಗಡೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೆಸರು ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ. ವಿಮೋಚನೆಗೆ ಮುಂಚೆ, ದಿವಾಳಿಯೆಂಬುದನ್ನು ತಿಳಿಸದೆ 50 ರೂಪಾಯಿ ಸಾಲ ಪಡೆದರೂ ಅಪರಾಧ. ಸರ್ಕಾರದ ಬಾಕಿ, ಮೋಸದಿಂದ ಮಾಡಿದ ಸಾಲ ಅಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸಾಲ ಮಾಡಿದವನು ಬಿಡುಗಡೆಯಾದರೂ ಜಾಮೀನುದಾರ ಬಿಡುಗಡೆಯಾಗುವುದಿಲ್ಲ. ಹಳ್ಳಿಯಲ್ಲಿ ಜಾಮೀನು ನಿಲ್ಲುವವರು ಅಣ್ಣತಮ್ಮಂದಿರು, ಭಾವ, ನೆರೆಯವರು. ಒಬ್ಬನ ಹೆಗಲಿನಿಂದ ಇಳಿದ ಹೊರೆ ಇನ್ನೊಬ್ಬನ ಹೆಗಲೇರುತ್ತದೆ.

ಸೆರೆಮನೆಯ ಭಯವೂ ಮೊದಲಿನಷ್ಟಿಲ್ಲ. ಕೇವಲ ಬಡತನದಿಂದ ಸಾಲ ತೀರಿಸಲಾಗದವನನ್ನು ಸೆರೆಗೆ ತಳ್ಳಬಾರದು, ದುರುದ್ದೇಶ ಕಾಣಬೇಕು ಎಂದು ಸುಪ್ರೀಂ ಕೋರ್ಟ್ 1980ರಲ್ಲಿ ತೀರ್ಪಿತ್ತಿತು.

ಆದ್ದರಿಂದ ಮಾಸಾಶನ, ಪಾತ್ರೆಪಡಗ ಬಿಟ್ಟು ಬೇರೇನೂ ಇಲ್ಲದವನಿಗೆ ದಿವಾಳಿ ಅರ್ಜಿಯಿಂದ ಆಗುವ ಲಾಭ ಅಲ್ಪ. ಅವನಿಂದ ವಸೂಲು ಮಾಡಲು ಏನೂ ಇರುವುದಿಲ್ಲ. ಸಾಲ ಕೊಟ್ಟವರು ಹಲವರಿದ್ದು ದಾವೆಗಳ ಕಾಟ ನಿಲ್ಲದಿದ್ದರೆ, ಮುಂದೆ ದುಡಿಮೆಯ ಆಸೆಯೂ ಇದ್ದರೆ ಅರ್ಜಿಗೆ ಅರ್ಥ ಬರುತ್ತದೆ.

ಇಂಥವರನ್ನೇ ನೆನೆದು 2016ರ ದಿವಾಳಿ ಸಂಹಿತೆ 'ಹೊಸ ಆರಂಭ'ದ ವಿಧಾನವೊಂದನ್ನು ಬರೆದಿಟ್ಟಿತು. ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದ, ಸ್ವಂತ ಮನೆಯಿಲ್ಲದವರಿಗೆ ಅದರಲ್ಲಿ ಸಾಲಮುಕ್ತಿಯ ದಾರಿಯಿದೆ. ಆದರೆ 2019ರ ಡಿಸೆಂಬರ್ 1ರಂದು ವ್ಯಕ್ತಿಗಳ ಭಾಗ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ದೊಡ್ಡ ಸಾಲದ ಜಾಮೀನುದಾರನ ಪ್ರಕರಣಕ್ಕೆ ಅಂದು ಬಾಗಿಲು ತೆರೆಯಿತು. ಮಾಸಾಶನದವನ ಪಾಲಿಗೆ ತೆರೆಯಲಿಲ್ಲ. ಬಳ್ಳಿಗಾವಿಯ ಮಠ ಕುಂಟರು, ಕುರುಡರ ಹೆಸರನ್ನು ಕಲ್ಲಿನಲ್ಲಿ ಬರೆಸಿದ್ದು ಅವರಿಗೆ ಅನ್ನ ಇಕ್ಕುತ್ತಿದ್ದ ಕಾರಣಕ್ಕೆ ಎಂಬುದು ಇಲ್ಲಿ ನೆನಪಾಗುತ್ತದೆ.